ಬಿಸಿನೀರು ನಿಂತಾಗ: ಊರಿಗೆ ಹೊಸದಾಗಿ ಬಂದವರಿಗೆ ನಮ್ಮ ಸಂಘದಿಂದ

ಮೊದಲು ಅಡುಗೆಮನೆ ನಲ್ಲಿಯನ್ನೂ ತಿರುಗಿಸಿ ನೋಡಿ. ಬಚ್ಚಲಲ್ಲಿ ಮಾತ್ರ ತಣ್ಣೀರು ಬರುತ್ತಿದ್ದರೆ ತೊಂದರೆ ಆ ನಲ್ಲಿಯದ್ದು, ಹೀಟರಿನದಲ್ಲ. ಮನೆಮಂದಿಯೆಲ್ಲ ಸಾಲಾಗಿ ಸ್ನಾನ ಮಾಡಿದ್ದರೆ ಟ್ಯಾಂಕಿನ ಬಿಸಿನೀರು ಮುಗಿದಿರುತ್ತದೆ, ಅಷ್ಟೇ. ಒಂದು ಗಂಟೆ ಬಿಡಿ.

ಗ್ಯಾಸ್ ಹೀಟರ್: ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ವಾಸನೆ ಇಲ್ಲದಿದ್ದರೆ ಕೆಳಗಿನ ಕಿಂಡಿಯಲ್ಲಿ ಪೈಲಟ್ ದೀಪ (ಬರ್ನರ್ ಹೊತ್ತಿಸುವ ಸಣ್ಣ ಜ್ವಾಲೆ) ಉರಿಯುತ್ತಿದೆಯಾ ನೋಡಿ. ಆರಿದ್ದರೆ ಗುಂಡಿಯನ್ನು 'ಆಫ್'ಗೆ ತಿರುಗಿಸಿ ಹತ್ತು ನಿಮಿಷ ಕಾಯಿರಿ. ಆಮೇಲೆ ಟ್ಯಾಂಕಿನ ಮೇಲೆ ಬರೆದಿರುವ ಹಾಗೇ ಹಚ್ಚಿ. ಹೊತ್ತಿಕೊಂಡ ಮೇಲೂ ಗುಂಡಿಯನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಪಕ್ಕದ ಥರ್ಮೋಕಪಲ್ (ಜ್ವಾಲೆಯ ಬಿಸಿ ಗುರುತಿಸುವ ಕಡ್ಡಿ) ಕಾದರೆ ಮಾತ್ರ ಗ್ಯಾಸ್ ವಾಲ್ವ್ ತೆರೆದುಕೊಂಡಿರುತ್ತದೆ. ಕೈ ಬಿಟ್ಟ ಕೂಡಲೇ ಮತ್ತೆ ಮತ್ತೆ ಆರಿದರೆ ಥರ್ಮೋಕಪಲ್ ಕೆಟ್ಟಿರಬಹುದು. ಮೆಕ್ಯಾನಿಕ್‌ನನ್ನು ಕರೆಯಿರಿ.

ಕರೆಂಟ್ ಹೀಟರ್: ಬ್ರೇಕರ್ (ಹೀಟರಿನ ಕರೆಂಟ್ ತಾನಾಗಿ ಕಡಿಯುವ ಸ್ವಿಚ್) ಬಿದ್ದಿದ್ದರೆ ಪೂರ್ತಿ ಕೆಳಗೆ ತಳ್ಳಿ, ಆಮೇಲೆ ಮೇಲೆತ್ತಿ. ಒಂದೇ ಸಲ! ಮತ್ತೆ ಬಿದ್ದರೆ ಒಳಗೆಲ್ಲೋ ಶಾರ್ಟ್ ಆಗಿರಬಹುದು. ಹಠ ಮಾಡಿ ಹಾಕುತ್ತಾ ಕೂರಬೇಡಿ. ಈ ವಿಷಯದಲ್ಲಿ ನಮ್ಮವರಿಗೆ ಹಠ ಜಾಸ್ತಿ, ಅಲ್ವಾ?

ಇನ್ನೊಂದನ್ನು ಒತ್ತಿ ಹೇಳಬೇಕು. ಬಂದ ಹೊಸತರಲ್ಲಿ ಟ್ಯಾಂಕಿನ ಕೆಸರು ತೊಳೆದು, ನೀರು ತುಂಬುವ ಮೊದಲೇ ನಾವು ಬ್ರೇಕರ್ ಹಾಕಿಬಿಟ್ಟೆವು. ಕ್ಷಣದಲ್ಲಿ ನೀರು ಕಾಯಿಸುವ ಎಲಿಮೆಂಟ್ ಸುಟ್ಟುಹೋಯಿತು. ಬಿಚ್ಚಿ ತೆಗೆದಾಗ ಕಪ್ಪಗಾಗಿ, ನಡುವೆ ಸೀಳಿ, ಒಳಗಿನ ಬಿಳಿ ಪುಡಿ ಉದುರುತ್ತಿತ್ತು. ಚಿಕ್ಕ ಮಗುವನ್ನಿಟ್ಟುಕೊಂಡು ಮೂರು ದಿನ ಬಿಸಿನೀರಿಲ್ಲ. ಆದ್ದರಿಂದ ಟ್ಯಾಂಕ್ ಮತ್ತೆ ತುಂಬಿಸುವಾಗ ಬಿಸಿನೀರಿನ ನಲ್ಲಿ ತೆರೆದಿಡಿ. ಬುಸ್ಸೆನ್ನುವ ಗಾಳಿ ನಿಂತು ಧಾರೆ ಒಂದೇ ಸಮ ಬರುವ ತನಕ ಬ್ರೇಕರ್ ಮುಟ್ಟಬೇಡಿ.

ನೀರು ಸಾಲದು ಅಂತ ಬಿಸಿ ಏರಿಸುತ್ತಾ ಹೋಗಬೇಡಿ. 60 ಡಿಗ್ರಿ ನೀರು ಐದಾರು ಸೆಕೆಂಡಿನಲ್ಲೇ ಚರ್ಮ ಸುಡುತ್ತದೆ, ಮಕ್ಕಳಿಗೆ ಇನ್ನೂ ಬೇಗ.

ನೀವು ಕೈ ಹಾಕಬಾರದ್ದು:
- ಟ್ಯಾಂಕಿನ ಮೈಯಿಂದಲೇ ಸೋರಿಕೆ
- ಬರ್ನರಿನಲ್ಲಿ ನೀಲಿ ಬದಲು ಹಳದಿ ಜ್ವಾಲೆ
- ಒತ್ತಡದ ವಾಲ್ವಿನಿಂದ ನೀರು (ಅದಕ್ಕೆ ಬಿರಡೆ ಹಾಕಲೇಬೇಡಿ, ಟ್ಯಾಂಕ್ ಸಿಡಿಯಬಹುದು)

ಬಾಡಿಗೆ ಮನೆಯಾದರೆ ಅದೇ ದಿನ ಮಾಲೀಕರಿಗೆ ಬರೆದು ತಿಳಿಸಿ. ಸಂಕೋಚಪಟ್ಟು ನಾಲ್ಕು ದಿನ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡ ಕುಟುಂಬಗಳನ್ನು ನೋಡಿದ್ದೇವೆ. ಸುಮ್ನೆ ಯಾಕೆ? ಸಂಘಕ್ಕೆ ಒಂದು ಮಾತು ಹೇಳಿ, ರಾತ್ರಿಯಾದರೂ ಟಾರ್ಚ್ ಹಿಡಿದು ಬರುವವರು ನಮ್ಮಲ್ಲಿದ್ದಾರೆ. ಟ್ಯಾಂಕಿನ ಮೇಲಿನ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಮಾಡೆಲ್, ಗ್ಯಾಸಾ ಕರೆಂಟಾ, ಎಷ್ಟು ಲೀಟರ್ ಅಂತಲೇ ಎಲ್ಲರೂ ಮೊದಲು ಕೇಳುವುದು.