ಉಣುಗೋಲಿನಾಚೆಯ ಕರಿಯ

ವಿದ್ಯುತ್ ಮೀಟರ್ ಓದುವವನಿಗೆ ನಾಯಿ ಕಂಡರೆ ಭಯ ಎಂದರೆ ಜನ ನಗುತ್ತಾರೆ. ಹಾಗಾಗಿ ಹನ್ನೊಂದು ವರ್ಷ ಯಾರಿಗೂ ಹೇಳಿರಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸುತ್ತಮುತ್ತ ಕಾಫಿ ತೋಟದ ಮನೆ ಎಂದಮೇಲೆ ನಾಯಿ ಇದ್ದೇ ಇರುತ್ತದೆ. ದಾರಿಗೆ ಅಡ್ಡ ಹಾಕುವ ಮರದ ಗಳುಗಳ ಗೇಟಾದ ಉಣುಗೋಲಿನ ಹೊರಗೆ ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದೆ. ಯಾರೂ ಬರದಿದ್ದರೆ ‘ಡೋರ್ ಲಾಕ್’ ಎಂದು ಹಾಕಿ ಮುಂದಕ್ಕೆ ಹೋಗುತ್ತಿದ್ದೆ.

1988ರಲ್ಲಿ, ಎಂಟು ವರ್ಷದವನಾಗಿದ್ದಾಗ, ನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತ್ತು. ಕಚ್ಚಿದ ನೋವು ಮರೆತಿದೆ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಚುಚ್ಚಿದ 14 ಸೂಜಿಗಳನ್ನು, ನನ್ನ ಕೈಕಾಲು ಅದುಮಿ ಹಿಡಿದಿದ್ದ ಅಪ್ಪನನ್ನು ಮರೆತಿಲ್ಲ. ಆ ಲಸಿಕೆ ಈಗ ಇಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋದರೆ ಈಗಿನ ಲಸಿಕೆಯನ್ನು ತೋಳಿಗೆ ಹಾಕುತ್ತಾರೆ. ಇದು ತಿಳಿದಾಗಲೇ ನನ್ನ ಭಯದ ಒಂದು ಪಾಲು ಕರಗಿತ್ತು. ಉಳಿದದ್ದು ಕರಗಲು ಒಂದು ತೋಟದ ಲೆಕ್ಕ ಬರೆಯುವ ರೈಟರ ಹೆಂಡತಿ ಬೇಕಾಯಿತು.

“ಅಣ್ಣ, ಮೂರು ತಿಂಗಳಿಂದ ನಾವು ಮನೆಯಲ್ಲೇ ಇದ್ದೇವೆ. ಬಿಲ್ಲಿನಲ್ಲಿ ಮಾತ್ರ ಬೀಗ!” ಎಂದರು. ನಿಜ ಒಪ್ಪಿಕೊಂಡೆ. “ಅದು ಏನೂ ಮಾಡುವುದಿಲ್ಲ, ಬನ್ನಿ” ಎಂದು ಅವರು ಹೇಳಲಿಲ್ಲ. ಹಾಗೆ ಹೇಳುವವರನ್ನು ನಾನು ಇವತ್ತಿಗೂ ನಂಬುವುದಿಲ್ಲ. ತಮ್ಮ ನಾಯಿ ಕರಿಯನನ್ನು ಕಣದ ಅಂಚಿನ ಕಂಬಕ್ಕೆ ಸರಪಳಿ ಹಾಕಿ ಕಟ್ಟಿ, ಇಪ್ಪತ್ತು ಅಡಿ ದೂರದಲ್ಲಿ ನನಗೊಂದು ಸ್ಟೂಲು ಇಟ್ಟು, ಕಾಫಿ ತಂದುಕೊಟ್ಟರು.

“ಮೊದಲು ಆ ಹೆಲ್ಮೆಟ್ ತೆಗೆಯಿರಿ, ಅದು ಬೊಗಳುವುದು ಅದಕ್ಕೇ.” ತೆಗೆದೆ. ಬೊಗಳು ನಿಂತಿತು! ಹನ್ನೊಂದು ವರ್ಷ ಹೆಲ್ಮೆಟ್ಟಿಗೆ ಬಿದ್ದ ಬೈಗುಳವನ್ನು ನಾನು ನನ್ನದೆಂದುಕೊಂಡಿದ್ದೆ.

ಆಮೇಲೆ ಭಾನುವಾರ ಭಾನುವಾರ ಹೋದೆ. ಎದೆ ಹೊಡೆದುಕೊಳ್ಳುತ್ತಿರುವಾಗ ಏಳಬಾರದು, ಅದು ತಾನಾಗಿ ಇಳಿದ ಮೇಲೆಯೇ ಏಳಬೇಕು ಎಂದು ನಿಶ್ಚಯಿಸಿಕೊಂಡಿದ್ದೆ. ನಡುವೆ ಎದ್ದು ಹೋದರೆ ಭಯವೇ ಗೆದ್ದಂತೆ. ಮೊದಲ ವಾರ ಇಳಿಯಲು ಹದಿನೆಂಟು ನಿಮಿಷ ಬೇಕಾಯಿತು; ನಾಲ್ಕನೆಯ ವಾರ ಸ್ಟೂಲು ಹತ್ತಡಿಗೆ ಬಂದಿದ್ದರೂ ಕಾಫಿ ಆರುವ ಮೊದಲೇ ಇಳಿಯಿತು. ಅಂದು ಕರಿಯ ಆಕಳಿಸಿ ಮೂತಿ ನೆಕ್ಕಿಕೊಂಡು ಮುಖ ತಿರುಗಿಸಿತು. ನಿದ್ದೆ ಬಂದಿರಬೇಕು ಎಂದೆ. “ನಿದ್ದೆಯಲ್ಲ ಅಣ್ಣ, ನೀವು ದಿಟ್ಟಿಸುತ್ತಿದ್ದೀರಲ್ಲ, ಅದಕ್ಕೆ ಗಾಬರಿ” ಎಂದರು ಅಕ್ಕ. ದೃಷ್ಟಿ ತಗ್ಗಿಸಿ ಒಣಗಲು ಹರವಿದ್ದ ಕಾಫಿ ಹಣ್ಣಿನ ಚೆರಿಯತ್ತ ನೋಡುತ್ತ ಕುಳಿತೆ. ನನಗೂ ಅದಕ್ಕೂ ಒಂದೇ ಕಾಯಿಲೆ ಎಂದು ಆಗ ಹೊಳೆದು ಒಳಗೊಳಗೇ ನಗು ಬಂತು.

ಏಳನೆಯ ವಾರ ಅವರು ಸರಪಳಿಯನ್ನು ಕೈಯಲ್ಲಿ ಹಿಡಿದು ಹತ್ತಿರ ತಂದರು. ಓರೆಯಾಗಿ ನಿಂತು ಕೈ ಇಳಿಬಿಟ್ಟೆ. ತಣ್ಣನೆಯ ಒದ್ದೆ ಮೂಗು ಬೆರಳುಗಳನ್ನು ಒಂದೊಂದಾಗಿ ಪರೀಕ್ಷಿಸಿತು. ತಲೆಯ ಮೇಲಿಂದ ಕೈ ತರದೆ ಎದೆಯ ಕೂದಲನ್ನು ಸವರಿದೆ. ಕೈ ನಡುಗುತ್ತಲೇ ಇತ್ತು.

ಮರಿ ಹಾಕಿದ ನಾಯಿಯ ಹತ್ತಿರ ನಾನು ಈಗಲೂ ಸುಳಿಯುವುದಿಲ್ಲ. ರಾತ್ರಿ ಬೀದಿ ನಾಯಿಗಳ ಗುಂಪು ಎದುರಾದರೆ ಓಡದೆ, ಚೀಲವನ್ನು ಮುಂದೆ ಹಿಡಿದು ನಿಂತು, ಮೆಲ್ಲಗೆ ಹಿಂದೆ ಸರಿಯುತ್ತೇನೆ. ಬೆನ್ನು ಬೆವರುವುದು ಬೇರೆ ಮಾತು.

ಕಳೆದ ತಿಂಗಳು ಕರಿಯ ಮೀಟರ್ ಬೋರ್ಡಿನ ಕೆಳಗೇ ಮಲಗಿತ್ತು. ಏಳು ಎಂದರೂ ಏಳಲಿಲ್ಲ, ಒಂದು ಕಣ್ಣು ಮಾತ್ರ ತೆರೆಯಿತು. ಅದರ ಬಾಲದ ಪಕ್ಕದಲ್ಲಿ ಕಾಲೂರಿ ನಿಂತು ರೀಡಿಂಗ್ ಬರೆದುಕೊಂಡೆ.