ಆಯಿಲ್ ಪೇಂಟನ್ನು ನಾವೇ ಟ್ಯೂಬಿಗೆ ತುಂಬೋದು ಹೇಗೆ? ಜಾನ್ ರ‍್ಯಾಂಡ್ ತೋರಿಸಿದ ದಾರಿ

ಮನೆಯಲ್ಲಿ ಅರೆದ ಆಯಿಲ್ ಪೇಂಟನ್ನು ಡಬ್ಬಿಗೆ ಹಾಕಿಟ್ಟು ಕೆಲವು ದಿನ ಬಿಟ್ಟು ನೋಡಿ, ಮೇಲೆ ಹಾಲಿನ ಕೆನೆಯ ಹಾಗೆ ಪದರ ಕಟ್ಟಿರುತ್ತದೆ. ವಾಟರ್ ಕಲರ್ ಥರ ಇದು ನೀರು ಆರಿ ಒಣಗುವ ಬಣ್ಣ ಅಲ್ಲ. ಇದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಹಾಗಾಗಿ ಗಾಳಿ ತಾಗದಂತೆ ಇಡುವುದೇ ಇಲ್ಲಿ ದೊಡ್ಡ ಕೆಲಸ.

ಈ ತಲೆನೋವಿಗೆ ಮದ್ದು ಕಂಡುಹಿಡಿದವರು ಜಾನ್ ಗಾಫ್ ರ‍್ಯಾಂಡ್. 1801ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹುಟ್ಟಿದವರು, ಜನರ ಭಾವಚಿತ್ರ ಬರೆಯುತ್ತಿದ್ದರು. ಆ ಕಾಲದಲ್ಲಿ ಬಣ್ಣ ಬರುತ್ತಿದ್ದದ್ದು ಹಂದಿಯ ಮೂತ್ರಕೋಶದ ಚೀಲದಲ್ಲಿ! ಮೊಳೆಯಿಂದ ಚುಚ್ಚಿ, ಬೇಕಾದಷ್ಟು ಹಿಂಡಿಕೊಂಡು, ತೂತಿಗೆ ಏನಾದರೂ ಸಿಕ್ಕಿಸಿ ಇಡಬೇಕು. ಗಾಜಿನ ಪಿಚಕಾರಿಯೂ ಬಂದಿತ್ತು, ಆದರೆ ಕೈಜಾರಿದರೆ ಕಥೆ ಮುಗೀತು. ಲಂಡನ್ನಿನಲ್ಲಿದ್ದಾಗ ರ‍್ಯಾಂಡ್ ತೆಳ್ಳನೆಯ ತವರದ ಟ್ಯೂಬ್ ಮಾಡಿದರು, 1841ರಲ್ಲಿ ಪೇಟೆಂಟ್ ಸಿಕ್ಕಿತು. ಜಾಣತನ ಇರುವುದು ತವರದಲ್ಲಿ: ಹಿಂಡಿದರೆ ಹಿಂಡಿದ ಹಾಗೇ ಕೂತಿರುತ್ತದೆ, ಮತ್ತೆ ಉಬ್ಬಿ ಗಾಳಿ ಒಳಗೆ ಎಳೆದುಕೊಳ್ಳುವುದಿಲ್ಲ. ಅದಕ್ಕೇ ನೀವೂ ಪ್ಲಾಸ್ಟಿಕ್ ಟ್ಯೂಬ್ ತರಬೇಡಿ, ತವರದ ಹಾಗೇ ಹಿಂಡಿದಂತೆ ಕೂರುವ ಅಲ್ಯೂಮಿನಿಯಂನದೇ ತನ್ನಿ.

ಈಗ ಬಣ್ಣ. ಮೊದಲ ಸಲಕ್ಕೆ ಕೆಮ್ಮಣ್ಣಿನ ನುಣ್ಣನೆಯ ಪುಡಿ ಸಾಕು. ಸೀಸ, ಕ್ಯಾಡ್ಮಿಯಂ ಇರುವ ಪುಡಿಯ ತಂಟೆಗೆ ಹೋಗಬೇಡಿ, ವಿಷ ಅವು. ಯಾವ ಪುಡಿಯಾದರೂ ಮಾಸ್ಕ್ ಹಾಕಿಕೊಳ್ಳಿ. ಗಾಜಿನ ಹಲಗೆಯ ಮೇಲೆ ಪುಡಿ ಹಾಕಿ, ಅಗಸೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಅರೆಯಿರಿ. ಅಡುಗೆಮನೆಯ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಆಗಲ್ಲ, ಅವು ಗಟ್ಟಿಯಾಗುವುದೇ ಇಲ್ಲ, ಚಿತ್ರ ಸುಮ್ನೆ ಜಿಡ್ಡು ಜಿಡ್ಡಾಗಿ ಉಳಿಯುತ್ತದೆ. ಎಣ್ಣೆ ಜಾಸ್ತಿಯೂ ಆಗಬಾರದು. ಬೆಣ್ಣೆಯ ಹದ ಬಂದರೆ ನಿಲ್ಲಿಸಿ.

ಖಾಲಿ ಟ್ಯೂಬ್ ಬಾಲದ ಕಡೆ ತೆರೆದಿರುತ್ತದೆ. ಮುಚ್ಚಳ ಬಿಗಿಯಾಗಿದೆಯಾ ನೋಡಿ, ಅದನ್ನು ಕೆಳಗೆ ಮಾಡಿ ಹಿಡಿದು ಪ್ಯಾಲೆಟ್ ನೈಫಿನಿಂದ (ಬಣ್ಣ ಕಲಸುವ ಚಪ್ಪಟೆ ಚಾಕು) ಬಣ್ಣ ಇಳಿಸಿ. ಆಗಾಗ ಮೇಜಿಗೆ ಮೆಲ್ಲಗೆ ಕುಟ್ಟಿ, ಒಳಗೆ ಸಿಕ್ಕಿಕೊಂಡ ಗಾಳಿ ಮೇಲೆ ಬರುತ್ತದೆ. ಕಂಠಪೂರ್ತಿ ತುಂಬಬೇಡಿ. ನಾನು ಮೊದಲ ಸಲ ದುರಾಸೆಗೆ ಪೂರ್ತಿ ತುಂಬಿ ಮಡಚಲು ಹೋದೆ, ಅರ್ಧ ಬಣ್ಣ ಅಂಗಿಗೇ ಬಂತು. ಮೇಲೆ ಮೂರರಲ್ಲಿ ಒಂದು ಪಾಲು ಖಾಲಿ ಬಿಡಿ. ಬಣ್ಣದ ಮಟ್ಟದಿಂದ ತೆರೆದ ಬಾಲದ ಕಡೆಗೆ ಬೆರಳಲ್ಲಿ ಒತ್ತುತ್ತಾ ಚಪ್ಪಟೆ ಮಾಡಿದರೆ ಉಳಿದ ಗಾಳಿಯೂ ಹೋಗುತ್ತದೆ. ಆಮೇಲೆ ತುದಿಯನ್ನು ಎರಡು ಮೂರು ಮಡಿಕೆ ಮಡಚಿ ಇಕ್ಕಳದಿಂದ ಅಮುಕಿ.

ಹೀಗೆ ಬಣ್ಣ ಜೇಬಿಗೆ ಬಂದ ಮೇಲೆಯೇ ಫ್ರಾನ್ಸಿನ ಚಿತ್ರಕಾರರಾದ ಕ್ಲೋದ್ ಮೊನೆ, ರೆನ್ವಾರ್ ಥರದವರಿಗೆ ಹೊಲ, ನದಿ ದಡದಲ್ಲಿ ಕೂತು ಆಯಿಲ್‌ನಲ್ಲಿ ಬರೆಯುವುದು ಸಲೀಸಾಯಿತು. ರ‍್ಯಾಂಡ್ 1873ರಲ್ಲಿ ತೀರಿಕೊಂಡರು. ಟೂತ್‌ಪೇಸ್ಟ್ ಟ್ಯೂಬಿಗೆ ಬಂದದ್ದು ಅದಾದ ಮೇಲೆ.

ಟ್ಯೂಬಿನ ಮೇಲೆ ಬಣ್ಣದ ಹೆಸರು, ತಾರೀಖು ಬರೆದಿಡಿ. ಮತ್ತೆ, ಕೈ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದೇ ಆಮ್ಲಜನಕದ ಆಟ ಅಲ್ಲೂ ನಡೆದು, ಬಟ್ಟೆ ಬಿಸಿಯೇರಿ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.