ಕ್ರೂಸ್ ಬುಕಿಂಗ್‌ಗೆ ಬಂದವರಿಗೆ ನಾನು ಮೊದಲು ತೋರಿಸುವುದು ಡೆಕ್ ಪ್ಲಾನ್

ಬೆಂಗಳೂರಿನಲ್ಲಿ ಕ್ರೂಸ್ ಬುಕಿಂಗ್ ಮಾಡಿಕೊಡುವುದು ನನ್ನ ಕೆಲಸ. ಯಾವ ಊರಿಗೆ ಹೋಗುತ್ತೆ, ಸಸ್ಯಾಹಾರ ಸಿಗುತ್ತಾ ಅಂತ ಕೇಳುವ ಮೊದಲೇ ಜನ ಫೋನ್ ತೆಗೆದು ಹಡಗಿನ ಫೋಟೊ ತೋರಿಸುತ್ತಾರೆ. ಬೇಕೋ ಬೇಡವೋ ಅನ್ನುವುದು ಅಷ್ಟರಲ್ಲೇ ತೀರ್ಮಾನ ಆಗಿರುತ್ತದೆ. 2023ರಲ್ಲಿ ‘ಐಕಾನ್ ಆಫ್ ದ ಸೀಸ್’ ಅನ್ನುವ ಹಡಗಿನ ಕಂಪ್ಯೂಟರ್ ಚಿತ್ರ ಎಲ್ಲ ಕಡೆ ಹರಿದಾಡಿತು. ಮಹಡಿ ಮೇಲೆ ಮಹಡಿ, ತುದಿಯಲ್ಲಿ ಬಣ್ಣಬಣ್ಣದ ನೀರಿನ ಜಾರುಬಂಡೆ. ಮಕ್ಕಳಿದ್ದವರು ‘ಇದೇ ಬೇಕು’ ಅಂದರು. ವಯಸ್ಸಾದವರು ‘ನೋಡಿದರೇ ಉಸಿರುಗಟ್ಟುತ್ತೆ’ ಅಂದರು. ಆ ಹಡಗು ಮೊದಲ ಯಾನ ಹೊರಟಿದ್ದೇ 2024ರ ಜನವರಿಯಲ್ಲಿ!

ಇದು ಇವತ್ತಿನ ಕಥೆಯೇನಲ್ಲ. ಟೈಟಾನಿಕ್‌ನ ನಾಲ್ಕನೇ ಚಿಮಣಿಗೆ ಬಾಯ್ಲರ್ ಹೊಗೆ ಬರುತ್ತಲೇ ಇರಲಿಲ್ಲ, ಅದು ಇದ್ದದ್ದು ಮುಖ್ಯವಾಗಿ ಗಾಳಿಯಾಡಲು. ಆದರೂ ನಾಲ್ಕು ಚಿಮಣಿ ಕಂಡರೆ ಹಡಗು ಗಟ್ಟಿ, ವೇಗ ಜಾಸ್ತಿ ಅಂತ ಆ ಕಾಲದ ಜನ ನಂಬುತ್ತಿದ್ದರು.

ನೋಟಕ್ಕೆ ಮನಸೋಲುವುದು ತಪ್ಪಲ್ಲ. ಖರ್ಚು ಮಾಡಿ ರಜೆಗೆ ಹೋಗುವಾಗ ಕಣ್ಣಿಗೂ ಹಬ್ಬ ಆಗಬೇಕಲ್ವಾ? ಆದರೆ ಫೋಟೊದಲ್ಲಿ ಕಾಣುವ ಜಾಗದಲ್ಲಿ ಯಾರೂ ಮಲಗುವುದಿಲ್ಲ. ಅದಕ್ಕೇ ಡೆಕ್ ಪ್ಲಾನ್, ಅಂದರೆ ಯಾವ ಮಹಡಿಯಲ್ಲಿ ಎಲ್ಲಿ ಏನಿದೆ ಅಂತ ತೋರಿಸುವ ನಕ್ಷೆ, ತೆಗೆಯುತ್ತೇನೆ. ಕೋಣೆಯ ನೆತ್ತಿ ಮೇಲೆ ಈಜುಕೊಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿಯೆಲ್ಲ ಧಿಮಿಧಿಮಿ. ಕಿಟಕಿ ಮುಂದೆ ಲೈಫ್‌ಬೋಟ್ ಇದ್ದರೆ ಸಮುದ್ರವೇ ಕಾಣದು.

ಬಾಲ್ಕನಿ ವಿಷಯದಲ್ಲಿ ಇನ್ನಷ್ಟು ಹೊತ್ತು ಕೂರಿಸಿಕೊಳ್ಳುತ್ತೇನೆ. 2009ರ ‘ಓಯಸಿಸ್ ಆಫ್ ದ ಸೀಸ್’ನಲ್ಲಿ ಹಡಗಿನ ನಡುವೆಯೇ ಆಕಾಶಕ್ಕೆ ತೆರೆದುಕೊಂಡ ತೋಟವಿದೆ, ನಿಜವಾದ ಗಿಡಗಳು. ಕೆಲವು ಬಾಲ್ಕನಿಗಳು ಆ ಕಡೆಗೇ ಮುಖ ಮಾಡಿವೆ. ಜಗಲಿ ಮೇಲೆ ಕೂತು ಬೀದಿ ನೋಡಿದ ಹಾಗೆ ಓಡಾಡುವವರನ್ನು ನೋಡುತ್ತಾ ಕೂರಬಹುದು. ಅಲೆ ನೋಡಲು ಬಂದವರಿಗೆ ಅದೇ ಕೋಣೆ ಕೊಟ್ಟರೆ ಇಡೀ ಪ್ರವಾಸವೇ ಸಪ್ಪೆ. 2018ರ ‘ಸೆಲೆಬ್ರಿಟಿ ಎಡ್ಜ್’ ಇನ್ನೊಂದು ಬಗೆ ತಂದಿತು. ಬಟನ್ ಒತ್ತಿದರೆ ದೊಡ್ಡ ಗಾಜಿನ ಮೇಲರ್ಧ ಕೆಳಗಿಳಿಯುತ್ತದೆ. ಬೇರೆ ಬಾಲ್ಕನಿ ಇಲ್ಲ, ಆ ಜಾಗ ಕೋಣೆಗೇ ಸೇರಿದೆ. ಕೆಲವರಿಗೆ ತುಂಬಾ ಇಷ್ಟ, ಕೆಲವರಿಗೆ ‘ಇದು ಬರೀ ಕಿಟಕಿ’. ನಾನು ವಿಡಿಯೊ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ಕೂರಬೇಕಾ, ಒಳಗೆ ಜಾಗ ಜಾಸ್ತಿ ಬೇಕಾ?

ಮುಂಬೈಯಿಂದ ಹೊರಡುವ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಕೇಳುವವರು ನನ್ನಲ್ಲಿ ಬಹಳ. ಐಕಾನ್ ಫೋಟೊ ನೋಡಿದ ಕಣ್ಣಿಗೆ ಅದು ಚಿಕ್ಕದಾಗಿ ಕಂಡೇ ಕಾಣುತ್ತದೆ. ಎರಡರ ಗ್ರಾಸ್ ಟನ್ನೇಜ್ ಪಕ್ಕಪಕ್ಕ ಬರೆದು ತೋರಿಸುತ್ತೇನೆ: ಐಕಾನ್ ಸುಮಾರು 2,48,000, ಎಂಪ್ರೆಸ್ ಸುಮಾರು 48,000. ಇದು ತೂಕವಲ್ಲ, ಒಳಗಿನ ಜಾಗದ ಅಳತೆ. ಎಂಪ್ರೆಸ್ 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಆಗಿ ಬಂದದ್ದು. ಮೂರು–ನಾಲ್ಕು ರಾತ್ರಿಯ ಯಾನಕ್ಕೆಂದೇ ಕಟ್ಟಿದ್ದು, ಹಾಗಾಗಿ ಕೋಣೆಗಳು ಪುಟ್ಟವು. ಇಷ್ಟು ತಿಳಿದು ಹೋದವರು ಖುಷಿಯಾಗಿಯೇ ಬರುತ್ತಾರೆ.

ಹಡಗು ಹತ್ತುವ ದಿನ ಬಂದರಿನಿಂದ ಫೋಟೊ ಕಳಿಸುವವರೂ ಇದ್ದಾರೆ. ಬಿಳಿ ಮೈಮೇಲೆ ಲಂಗರಿನ ಕೆಳಗೆ ಕಂದು ಗೆರೆ. ‘ಸಾರ್, ತುಕ್ಕು ಹಿಡಿದಿದೆ!’ ಸರಪಳಿ ಉಜ್ಜಿ ಬಣ್ಣ ಏಳುತ್ತದೆ, ಮೇಲೆ ಉಪ್ಪುನೀರು. ಹೊಸ ಹಡಗಿಗೂ ಇದು ತಪ್ಪದು. ಬಂದರಿನಲ್ಲಿ ನಿಂತಾಗೆಲ್ಲ ಸಿಬ್ಬಂದಿ ಉದ್ದ ಕೋಲಿನ ರೋಲರ್ ಹಿಡಿದು ಬಳಿಯುತ್ತಲೇ ಇರುತ್ತಾರೆ. ಅದಕ್ಕೆ ಸುಮ್ನೆ ಹೆದರಬೇಡಿ ಅನ್ನುತ್ತೇನೆ. ಕಾರಿಡಾರಿನ ಕಾರ್ಪೆಟ್ಟು ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಮಾತ್ರ ಹೇಳಿ, ಅದು ನಿರ್ವಹಣೆಯ ಮಾತು. ಬುಕ್ ಮಾಡುವ ಮೊದಲು ಹಡಗು ರಿಪೇರಿಗೆ ನೀರಿನಿಂದ ಹೊರತೆಗೆಯುವ ಜಾಗಕ್ಕೆ, ಅಂದರೆ ಡ್ರೈ ಡಾಕ್‌ಗೆ ಹೋಗಿದ್ದು ಯಾವಾಗ ಅಂತ ನಾನು ನೋಡುವುದೂ ಇದಕ್ಕೇ. ಕಾರ್ಪೆಟ್ಟು, ಸೋಫಾ, ಹಾಸಿಗೆ ಬದಲಾಗುವುದು ಸಾಮಾನ್ಯವಾಗಿ ಆಗಲೇ. ಡಾಕ್‌ನಿಂದ ಹೊರಬಂದ ಕೂಡಲೇ ಹೊರಡುವ ಯಾನ ಮಾತ್ರ ಬೇಡ. ಬಣ್ಣದ ವಾಸನೆ ಇನ್ನೂ ಹೋಗಿರುವುದಿಲ್ಲ, ಬಡಗಿಗಳೂ ಕೆಲವೊಮ್ಮೆ ಒಳಗೇ ಇರುತ್ತಾರೆ.